ಲಡಾಖ್‌ನ ಪಲ್ಟನ್‌ನಲ್ಲಿ ಗಣ್ಯರ ಭೇಟಿ, ಬಡಾಖಾನ, ಜವಾನರ ಮನರಂಜನೆ: ಮೂರನ್ನೂ ಒಂದೇ ದಿನಕ್ಕೆ ಹೊಂದಿಸುವುದು ಹೇಗೆ?

ಡೊಳ್ಳು_ಸಾಗರ:
ಎಲ್ಲರಿಗೂ ನಮಸ್ಕಾರ. ದೀಪಾವಳಿ ಹೊತ್ತಿಗೆ ಲಡಾಖ್‌ನ ಒಂದು ಪಲ್ಟನ್‌ನಲ್ಲಿ (ಸೇನೆಯ ತುಕಡಿ) ಕಾರ್ಯಕ್ರಮ ಕೊಡಲು ನಮ್ಮ ತಂಡಕ್ಕೆ ಕರೆ ಬಂದಿದೆ. ಜಾಗದ ಎತ್ತರ ಸುಮಾರು 11,500 ಅಡಿ. ದಕ್ಷಿಣದ ಎಲ್ಲ ಭಾಷೆಯ ಹುಡುಗರೂ ಇರುವ ಪಲ್ಟನ್, ನೋಡುವವರು 220ರಷ್ಟು. ಅದೇ ದಿನ ಬೆಳಿಗ್ಗೆ ಹೆಲಿಕಾಪ್ಟರ್‌ನಲ್ಲಿ ಗಣ್ಯರೊಬ್ಬರು ಬರುತ್ತಾರೆ, ಮಧ್ಯಾಹ್ನ ಬಡಾಖಾನ (ಪಲ್ಟನ್‌ನವರೆಲ್ಲ ಒಟ್ಟಿಗೆ ಉಣ್ಣುವ ಹಬ್ಬದೂಟ), ಆಮೇಲೆ ನಮ್ಮ ಕಾರ್ಯಕ್ರಮ. ತಂಡದಲ್ಲಿ 14 ಜನ, ಅವರಲ್ಲಿ ನಾಲ್ವರು ಹೆಣ್ಣುಮಕ್ಕಳು. ಡೊಳ್ಳು, ಕೊಳಲು, ಹಾರ್ಮೋನಿಯಂ, ತಬಲಾ, ಇಬ್ಬರು ಗಾಯಕರು. ಆ ದಿನ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತೇವೆ, ಏನು ಒಯ್ಯಬೇಕು? ತಿಳಿದವರು ವಿವರವಾಗಿ ಹೇಳಿದರೆ ಉಪಕಾರ.

ಸುಬೇದಾರ್_ಹಾಸನ:
ಒಳ್ಳೆಯ ಕೆಲಸಕ್ಕೆ ಹೊರಟಿದ್ದೀರಿ. ಮೊದಲು ದಿನದ ಹಂದರ ತಿಳಿದುಕೊಳ್ಳಿ.

ಗಣ್ಯರು ಹೆಲಿಪ್ಯಾಡ್‌ನಲ್ಲಿ ಇಳಿದಾಗ ಕಮಾಂಡಿಂಗ್ ಆಫೀಸರ್ ಮತ್ತು ಸುಬೇದಾರ್ ಮೇಜರ್ ಸಾಹೇಬರು ಎದುರುಗೊಳ್ಳುತ್ತಾರೆ. ಕ್ವಾರ್ಟರ್ ಗಾರ್ಡ್ (ನೆಲೆಯ ಮುಖ್ಯ ಕಾವಲು ಮನೆ) ಇದ್ದರೆ ಅಲ್ಲಿ ‘ಸಲಾಮಿ ಶಸ್ತ್ರ’, ಅಂದರೆ ಬಂದೂಕು ಹಿಡಿದು ವಂದನೆ. ನಂತರ ಮುಚ್ಚಿದ ಕೋಣೆಯಲ್ಲಿ ನಕ್ಷೆ ಅಥವಾ ಮರಳಿನ ಮಾದರಿ ಇಟ್ಟುಕೊಂಡು 20 ನಿಮಿಷದ ವಿವರಣೆ. ಅಲ್ಲಿಗೆ ನಿಮ್ಮಲ್ಲಿ ಯಾರೂ ಸುಳಿಯುವಂತಿಲ್ಲ. ಆಮೇಲೆ ಸ್ಮಾರಕಕ್ಕೆ ಹೂಚಕ್ರ. ಅಲ್ಲಿ ‘ಶೋಕ ಶಸ್ತ್ರ’ (ಬಂದೂಕು ತಲೆಕೆಳಗೆ ಹಿಡಿದು ಶೋಕ ಸೂಚಿಸುವುದು), ಬಿಗುಲ್‌ನಲ್ಲಿ ‘ಲಾಸ್ಟ್ ಪೋಸ್ಟ್’ ಎಂಬ ವಿದಾಯದ ರಾಗ, ಮೌನ. ನೀವು ಹತ್ತಿರದಲ್ಲಿದ್ದರೆ ಟೋಪಿ ಸರಿಮಾಡಿಕೊಂಡು ಅಲುಗದೆ ನಿಲ್ಲಿ. ವಾದ್ಯ ಶ್ರುತಿ ಮಾಡುವ ಸದ್ದೂ ಕೇಳಬಾರದು. ನಂತರ ಜವಾನರ ಜೊತೆ 10-15 ನಿಮಿಷ ಮಾತು, ಚಹಾ, ಸಿಹಿ, ಗುಂಪು ಫೋಟೊ, ಸಂದರ್ಶಕರ ಪುಸ್ತಕದಲ್ಲಿ ನಾಲ್ಕು ಸಾಲು. ಇಳಿದಾಗಿನಿಂದ ಹೊರಡುವವರೆಗೆ ಹೆಚ್ಚೆಂದರೆ ಎರಡು ಗಂಟೆ.

ಈ ಎರಡು ಗಂಟೆ ಎಷ್ಟೊತ್ತಿಗೆ ಶುರುವಾಗುತ್ತದೆ ಎಂಬುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಹವಾಮಾನ ಕೆಟ್ಟರೆ 9ಕ್ಕೆ ಬರಬೇಕಾದವರು 11ಕ್ಕೆ ಬರಬಹುದು, ಭೇಟಿಯೇ ರದ್ದಾಗಬಹುದು. ಹಾಗಾಗಿ ‘ಗಣ್ಯರ ಮುಂದೆ ಒಂದು ಹಾಡು’ ಎಂದು ಯೋಜನೆ ಹಾಕಬೇಡಿ. ನಿಮ್ಮ ಕಾರ್ಯಕ್ರಮವನ್ನು ಭೇಟಿಯಿಂದ ಪೂರ್ತಿ ಬೇರ್ಪಡಿಸಿ. ಅವರು ಬಂದರೂ ಸರಿ, ಬರದಿದ್ದರೂ ಸರಿ, ಹುಡುಗರಿಗೆ ಹೇಳಿದ ಹೊತ್ತಿಗೆ ಡೊಳ್ಳು ಕೇಳಿಸಬೇಕು. ಇದೊಂದನ್ನು ಅಡ್ಜುಟಂಟ್ (ಪಲ್ಟನ್‌ನ ಆಡಳಿತ ನೋಡುವ ಅಧಿಕಾರಿ) ಹತ್ತಿರ ಮೊದಲೇ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ನಿಮಗೊಬ್ಬ ಎಲ್‌ಒ, ಅಂದರೆ ಜೊತೆಗಿದ್ದು ನೋಡಿಕೊಳ್ಳುವ ಅಧಿಕಾರಿಯನ್ನೋ ಜೆಸಿಒ (ಸುಬೇದಾರ್ ದರ್ಜೆಯವರು) ಅವರನ್ನೋ ಕೊಡುತ್ತಾರೆ. ಎಲ್ಲ ಮಾತೂ ಅವರೊಬ್ಬರ ಮೂಲಕವೇ ಹೋಗಲಿ. ಮೂರು ಜನರನ್ನು ಕೇಳಿದರೆ ಮೂರು ಸಮಯ ಸಿಗುತ್ತದೆ.

ಬೆಳಗಾವಿ_ಹವಾಲ್ದಾರ:
ಸಾಹೇಬ್ರ ಮಾತಿಗೆ ಒಂದು ಸೇರಸ್ತೀನ್ರಿ. ಕಾಯೋ ಹೊತ್ತು ಹೆಂಗ ಬೆಳೀತದ ನೋಡ್ರಿ. ಹೆಲಿಕಾಪ್ಟರ್ 9ಕ್ಕ ಅಂತ ಮೇಲಿಂದ ಬರ್ತದ. ಪಲ್ಟನ್ ಹೇಳ್ತದ, 8:45ಕ್ಕ ತಯಾರಿರ್ರಿ. ಕಂಪನಿ ಹೇಳ್ತದ, 8:30. ಪ್ಲಟೂನ್ ಹೇಳ್ತದ, 8:15. ಸೆಕ್ಷನ್ ಕಮಾಂಡರ್ 8ಕ್ಕ ಫಾಲ್‌ಇನ್ ಮಾಡಸ್ತಾನ, ಅಂದ್ರ ಸಾಲಾಗಿ ನಿಲ್ಲಸ್ತಾನ. ಎಲ್ಲಾರೂ ಬರೇ 15 ನಿಮಿಷ ಸೇರಿಸ್ಯಾರ, ಯಾರದೂ ತಪ್ಪಿಲ್ಲ, ಆದ್ರ ಜವಾನ ಗಾಳ್ಯಾಗ ಒಂದು ತಾಸು ನಿಂತ. ಹೆಲಿಕಾಪ್ಟರ್ ಒಂದು ತಾಸು ತಡ ಆದ್ರ ಎರಡು ತಾಸು. ಕಾಲ್ಬೆರಳು ಮರಗಟ್ಟಲಿಕ್ಕ ಅಷ್ಟು ಸಾಕು.

ಪರಿಹಾರ ಅದ. ಹೆಲಿಕಾಪ್ಟರ್ ಹಿಂದಿನ ನೆಲೆ ಬಿಟ್ಟದ್ದು ಗಟ್ಟಿಯಾದ ಮ್ಯಾಲ ಫಾಲ್‌ಇನ್ ಮಾಡಸಬೇಕು. ಅಲ್ಲೀ ತನಕ ಹುಡುಗರು ಬ್ಯಾರಕ್‌ನ್ಯಾಗ ಬೆಚ್ಚಗ ಇರಬೇಕು, ಕೈಯಾಗ ಚಹಾ ಇರಬೇಕು. ವೈರ್‌ಲೆಸ್ ಮ್ಯಾಲ ಒಂದು ಮಾತು ಬಂದ್ರ ಮುಗೀತು, ಹತ್ತು ನಿಮಿಷದಾಗ ಸಾಲು ನಿಲ್ತದ. ಶಿಸ್ತಿನ ಪಲ್ಟನ್‌ಗೆ ಇದಕ್ಕಿಂತ ಹೆಚ್ಚು ಹೊತ್ತು ಬ್ಯಾಡ.

ಹೆಲಿಕಾಪ್ಟರ್_ಬೆಂಗಳೂರು:
ಬೆಳಿಗ್ಗೆಯೇ ಏಕೆ ಹಾರುತ್ತಾರೆ ಎಂದು ಕೇಳುವವರಿಗೆ: ಎತ್ತರದಲ್ಲಿ ಗಾಳಿ ಮೊದಲೇ ತೆಳು. ಬಿಸಿಲೇರಿದಂತೆ ಇನ್ನಷ್ಟು ತೆಳುವಾಗುತ್ತದೆ, ರೆಕ್ಕೆ ಎತ್ತುವ ಭಾರ ಕಡಿಮೆಯಾಗುತ್ತದೆ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿಯ ಹೊಡೆತವೂ ಜಾಸ್ತಿ. ಲೇಹ್‌ಗೆ ಬರುವ ಪ್ರಯಾಣಿಕ ವಿಮಾನಗಳೂ ಹೆಚ್ಚಾಗಿ ಬೆಳಗಿನ ಹೊತ್ತೇ ಇರುವುದಕ್ಕೆ ಕಾರಣ ಇದೇ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಚೀತಾ, ಧ್ರುವ್ ಅಲ್ಲಿನ ಕೆಲಸದ ಕುದುರೆಗಳು. ಚೀತಾದಲ್ಲಿ ಜಾಗ ಬಹಳ ಕಡಿಮೆ, ಎತ್ತರ ಏರಿದಂತೆ ಭಾರವನ್ನು ಕಿಲೋ ಲೆಕ್ಕದಲ್ಲಿ ಕಡಿತ ಮಾಡುತ್ತಾರೆ. ‘ನಮ್ಮ ಎರಡು ಡೊಳ್ಳು ಅದರಲ್ಲೇ ಕಳಿಸಿ’ ಎಂದು ಕೇಳಲೇಬೇಡಿ.

ಇನ್ನೊಂದು ಮುಖ್ಯ ಸಂಗತಿ. ನಿಮ್ಮ ಫ್ಲೆಕ್ಸ್, ಪರದೆ, ಶಾಮಿಯಾನ, ಬಾವುಟದ ಸರ, ಖಾಲಿ ಪ್ಲಾಸ್ಟಿಕ್ ಚೀಲ ಯಾವುದೂ ಹೆಲಿಪ್ಯಾಡ್ ಸುತ್ತ ಇರಬಾರದು. ಇಳಿಯುವಾಗ ಕೆಳಮುಖವಾಗಿ ನುಗ್ಗುವ ಗಾಳಿ ಸಡಿಲವಾದದ್ದನ್ನೆಲ್ಲ ಎತ್ತಿ ರೆಕ್ಕೆಗೂ ಎಂಜಿನ್‌ಗೂ ಎಳೆಯುತ್ತದೆ. ಧೂಳು ಏಳದಂತೆ ನೀರು ಚಿಮುಕಿಸುವುದುಂಟು, ಆದರೆ ರಾತ್ರಿ ಚಿಮುಕಿಸಿದರೆ ಬೆಳಗಾಗುವಷ್ಟರಲ್ಲಿ ಹಿಮದ ಹಲಗೆಯಾಗಿ ಜನ ಜಾರುತ್ತಾರೆ. ಬಿಸಿಲು ಬಂದ ಮೇಲೆ ತೆಳ್ಳಗೆ ಚಿಮುಕಿಸಬೇಕು.

ಆರ್‌ಎಂಒ_ಡಾಕ್ಟರ್:
ನೀವು ಯಾವತ್ತು ತಲುಪುತ್ತೀರಿ ಎಂದು ಬರೆದಿಲ್ಲ. ಉಳಿದೆಲ್ಲ ಆಮೇಲೆ, ಮೊದಲು ಇದು.

ಸೇನೆಯಲ್ಲಿ 9,000ದಿಂದ 12,000 ಅಡಿಗೆ ಹೊಂದಿಕೊಳ್ಳಲು 6 ದಿನ ಕೊಡುತ್ತಾರೆ. ಮೊದಲ 2 ದಿನ ಪೂರ್ತಿ ವಿಶ್ರಾಂತಿ, ನಂತರದ 2 ದಿನ ಸಮತಟ್ಟಿನಲ್ಲಿ ನಿಧಾನ ನಡಿಗೆ, ಕೊನೆಯ 2 ದಿನ ಸ್ವಲ್ಪ ಏರು. ಅಲ್ಲಿಂದ 15,000 ಅಡಿವರೆಗೆ ಇನ್ನೂ 4 ದಿನ, ಅದಕ್ಕೂ ಮೇಲೆ ಮತ್ತೆ 4 ದಿನ. ಗಟ್ಟಿಮುಟ್ಟಾದ 22 ವರ್ಷದ ಜವಾನನಿಗೇ ಈ ನಿಯಮ. ಪ್ರವಾಸಿಗರಿಗೆ ಹೇಳುವ 48 ಗಂಟೆ ಕೂತು ಹಾಡುವವರಿಗೆ ಸಾಕಾಗಬಹುದು, ಡೊಳ್ಳು ಕಟ್ಟಿಕೊಂಡು ಕುಣಿಯುವವರಿಗೆ ಸಾಲದು. ಡೊಳ್ಳು ಕುಣಿತ ಅಂದರೆ ಭಾರ ಹೊತ್ತು ಓಡಿದಂತೆ. ಕುಣಿಯುವವರು 6 ದಿನ ಮೊದಲೇ ಬರಲಿ. ಖರ್ಚು ಜಾಸ್ತಿಯಾದರೆ ತಂಡವನ್ನು 14ರಿಂದ 10ಕ್ಕೆ ಇಳಿಸಿ, ದಿನಗಳನ್ನು ಮಾತ್ರ ಇಳಿಸಬೇಡಿ.

ಮೊದಲೆರಡು ದಿನ ತಲೆನೋವು, ನಿದ್ದೆ ಬಾರದಿರುವುದು, ಹಸಿವಿಲ್ಲದಿರುವುದು ಸಾಮಾನ್ಯ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ನೊರೆ ಕಫ ಬಂದರೆ ಅದು ‘ಹ್ಯಾಪೋ’, ಶ್ವಾಸಕೋಶದಲ್ಲಿ ನೀರು. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ ‘ಹ್ಯಾಕೋ’, ಮಿದುಳಿನ ಊತ. ಎರಡಕ್ಕೂ ಆಮ್ಲಜನಕ ಕೊಟ್ಟು ತಕ್ಷಣ ಕೆಳಗಿನ ಎತ್ತರಕ್ಕೆ ಇಳಿಸಬೇಕು, ಬೆಳಗಾಗಲಿ ನೋಡೋಣ ಎನ್ನಬಾರದು. ಕಲಾವಿದರಲ್ಲಿ ಒಂದು ಅಪಾಯವಿದೆ: ಕಾರ್ಯಕ್ರಮ ಕೆಡಬಾರದೆಂದು ಲಕ್ಷಣ ಮುಚ್ಚಿಡುತ್ತಾರೆ. ಬೆಳಿಗ್ಗೆ ಸಂಜೆ ಪ್ರತಿಯೊಬ್ಬರನ್ನೂ ಕೇಳುವ ಕೆಲಸವನ್ನು ತಂಡದಲ್ಲಿ ಒಬ್ಬರಿಗೆ ಒಪ್ಪಿಸಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ಯಿರಿ. ಬೆರಳು ತಣ್ಣಗಿದ್ದರೆ ಅದು ತಪ್ಪು ತೋರಿಸುತ್ತದೆ, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹಾಕಿ. ಮದ್ಯ, ನಿದ್ದೆ ಮಾತ್ರೆ ಬೇಡ. ಎತ್ತರದ ತೊಂದರೆ ತಡೆಯುವ ಡೈಮಾಕ್ಸ್ ಮಾತ್ರೆ ಬೇಕೋ ಬೇಡವೋ ಎಂದು ಊರಿನಲ್ಲೇ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇರುವವರು ಅದನ್ನು ಮುಚ್ಚಿಡದೆ ಹೇಳಿ. ಅಸ್ತಮಾ, ಹೃದಯದ ತೊಂದರೆ, ರಕ್ತಹೀನತೆ ಇರುವವರನ್ನು ಕರೆತರಬೇಡಿ. ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಯೇ ಹೊರಡಿ.

ಡೊಳ್ಳು_ಸಾಗರ:
ಡಾಕ್ಟರೇ, ಮೂರು ದಿನ ಮೊದಲು ಅಂದುಕೊಂಡಿದ್ದೆವು. ಆರಕ್ಕೆ ಬದಲಾಯಿಸುತ್ತೇವೆ. ಡೊಳ್ಳಿನವರನ್ನು 8ರಿಂದ 5ಕ್ಕೆ ಇಳಿಸಿದರೆ ಲೆಕ್ಕ ಹೊಂದುತ್ತದೆ. ಒಬ್ಬರ ಹೆಗಲ ಮೇಲೆ ಒಬ್ಬರು ನಿಲ್ಲುವ ಗೋಪುರದ ಭಾಗ ಇಟ್ಟುಕೊಳ್ಳಬಹುದೇ?

ಆರ್‌ಎಂಒ_ಡಾಕ್ಟರ್:
ಬೇಡ. ಮೇಲೆ ನಿಂತವನಿಗೆ ತಲೆ ಸುತ್ತಿದರೆ ಮೂವರು ಬೀಳುತ್ತಾರೆ. ಕುಣಿತದ ಒಂದು ಸುತ್ತು 3-4 ನಿಮಿಷ, ನಡುವೆ ಒಂದು ಹಾಡು, ಮತ್ತೆ ಕುಣಿತ. ಬದಿಯಲ್ಲಿ ಆಮ್ಲಜನಕದ ಸಿಲಿಂಡರ್ ಮತ್ತು ನರ್ಸಿಂಗ್ ಅಸಿಸ್ಟೆಂಟ್ ಇರುವಂತೆ ಕೇಳಿಕೊಳ್ಳಿ, ಕೊಡುತ್ತಾರೆ.

ಕೊಳಲು_ಧಾರವಾಡ:
ವಾದ್ಯದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಚಳಿಗೆ ಕೊಳಲಿನ ಶ್ರುತಿ ಇಳಿಯುತ್ತದೆ. ಗಾಳಿ ತಣ್ಣಗಾದಂತೆ ಶಬ್ದದ ವೇಗ ಕುಗ್ಗುತ್ತದೆ. 30 ಡಿಗ್ರಿಯಲ್ಲಿ ಸರಿಯಾಗಿ ನುಡಿಯುವ ಕೊಳಲು 0 ಡಿಗ್ರಿಯಲ್ಲಿ ಹತ್ತಿರಹತ್ತಿರ ಅರ್ಧ ಸ್ವರ ಕೆಳಗೆ ನುಡಿಯುತ್ತದೆ. ಉಸಿರಿನ ಬಿಸಿಗೆ ಸ್ವಲ್ಪ ಏರುತ್ತದೆ, ಪೂರ್ತಿ ಅಲ್ಲ. ಹಾರ್ಮೋನಿಯಂನ ಲೋಹದ ರೀಡು ಅಷ್ಟೊಂದು ಬದಲಾಗುವುದಿಲ್ಲ. ಹಾಗಾಗಿ ಊರಿನಲ್ಲಿ ಒಂದಾಗಿದ್ದ ಎರಡೂ ಅಲ್ಲಿ ಬೇರೆಯಾಗುತ್ತವೆ. ಅರ್ಧ ಸ್ವರ ಮೇಲಿನ ಇನ್ನೊಂದು ಕೊಳಲನ್ನು ಖಂಡಿತ ಒಯ್ಯಿರಿ. ಅದನ್ನು ಅಂಗಿಯೊಳಗೆ, ಮೈಗೆ ತಾಗಿದಂತೆ ಇಟ್ಟುಕೊಳ್ಳಿ.

ಚರ್ಮವಾದ್ಯಕ್ಕೆ ಚಳಿಗಿಂತ ಒಣಹವೆ ದೊಡ್ಡ ಶತ್ರು. ಸಾಗರದ ಮಳೆಹವೆಯಲ್ಲಿ ಸಡಿಲವಾಗಿರುವ ಡೊಳ್ಳಿನ ಚರ್ಮ ಲಡಾಖ್‌ನಲ್ಲಿ ತಾನೇ ಬಿಗಿಯುತ್ತದೆ. ಊರಿನಲ್ಲೇ ಹಗ್ಗ ಬಿಗಿದು ಹೊರಟರೆ ಅಲ್ಲಿ ಚರ್ಮ ಸೀಳಬಹುದು. ಹಗ್ಗ ಪೂರ್ತಿ ಸಡಿಲಿಸಿ ಒಯ್ಯಿರಿ. ನುಡಿಸುವ ಸಭಾಂಗಣದಲ್ಲೇ ಒಂದು ದಿನ ಇಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬುಖಾರಿಯ (ಕೋಣೆ ಕಾಯಿಸುವ ಒಲೆ) ಪಕ್ಕ ಇಡಲೇಬೇಡಿ. ಡಗ್ಗದ (ತಬಲಾ ಜೋಡಿಯ ಎಡಗೈ ವಾದ್ಯ) ಮೇಲೆ ಒದ್ದೆ ಬಟ್ಟೆ ಹಿಂಡಿ ಸವರುವ ಅಭ್ಯಾಸವಿದ್ದರೆ ಕೋಣೆಯೊಳಗೆ ಮಾತ್ರ, ಕರಣೆಗೆ (ಚರ್ಮದ ಮೇಲಿನ ಕಪ್ಪು ಲೇಪ) ತಾಗದಂತೆ. ತಬಲಾದ ಬದಲಿ ಪುಡಿ (ಹೆಣೆದ ಚರ್ಮದ ಹೊದಿಕೆ) ಒಂದಾದರೂ ಜೊತೆಗಿರಲಿ, ಅಲ್ಲಿ ಅಂಗಡಿ ಇಲ್ಲ.

ಗಾಯಕರು ಶ್ರುತಿಯನ್ನು ಅರ್ಧದಿಂದ ಒಂದು ಸ್ವರ ಇಳಿಸಿಕೊಳ್ಳಿ. ಉದ್ದ ಆಲಾಪ, ಒಂದೇ ಉಸಿರಿನ ತಾನ ಬೇಡ. ಸಾಲಿನ ನಡುವೆ ಉಸಿರೆಳೆಯುವ ಜಾಗಗಳನ್ನು ಊರಿನಲ್ಲೇ ಗುರುತು ಮಾಡಿ ಅಭ್ಯಾಸ ಮಾಡಿ. ಒಣಗಾಳಿಗೆ ಗಂಟಲು ಬೇಗ ಕಟ್ಟುತ್ತದೆ, ಬಿಸಿನೀರಿನ ಫ್ಲಾಸ್ಕ್ ವೇದಿಕೆಯ ಮೇಲೇ ಇರಲಿ.

ಧ್ವನಿಬೆಳಕು_ಮೈಸೂರು:
220 ಜನರ ಮುಚ್ಚಿದ ಸಭಾಂಗಣಕ್ಕೆ 12 ಇಂಚಿನ ಎರಡು ಪವರ್ಡ್ ಸ್ಪೀಕರ್, 8 ಚಾನೆಲ್ ಮಿಕ್ಸರ್, 5 ವೈರಿನ ಮೈಕ್ ಸಾಕು. ಡೊಳ್ಳಿಗೆ ಮೈಕ್ ಬೇಕಿಲ್ಲ. ವೈರ್‌ಲೆಸ್ ಮೈಕ್ ಒಯ್ಯಬೇಡಿ. ಸೇನೆಯ ನೆಲೆಯಲ್ಲಿ ರೇಡಿಯೊ ತರಂಗ ಬಿಡುವ ಸಾಧನಕ್ಕೆ ಸಿಗ್ನಲ್‌ನವರ (ಸೇನೆಯ ಸಂಪರ್ಕ ವಿಭಾಗ) ಒಪ್ಪಿಗೆ ಬೇಕು, ಅದು ಸಿಗದಿದ್ದರೆ ಕೊನೆ ಗಳಿಗೆಯಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ.

ಕೆಡುವ ನಾಲ್ಕು ಜಾಗ ಹೇಳುತ್ತೇನೆ. ಹೊರಗಿನ ಚಳಿಯಲ್ಲಿದ್ದ ಮಿಕ್ಸರನ್ನು ಬೆಚ್ಚನೆಯ ಸಭಾಂಗಣಕ್ಕೆ ತಂದ ಕೂಡಲೇ ಪೆಟ್ಟಿಗೆ ತೆಗೆದರೆ, 200 ಜನರ ಉಸಿರಿನ ತೇವವೆಲ್ಲ ಒಳಗಿನ ಬೋರ್ಡಿನ ಮೇಲೆ ನೀರಾಗಿ ಕೂರುತ್ತದೆ. ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಎರಡು ಗಂಟೆ ಒಳಗಿಟ್ಟು ಆಮೇಲೆ ತೆಗೆಯಿರಿ, ಆಮೇಲೆ ಸ್ವಿಚ್. ಎರಡನೆಯದು ಕೇಬಲ್. ಚಳಿಗೆ ಅದರ ಪ್ಲಾಸ್ಟಿಕ್ ಕೋಲಿನಂತಾಗುತ್ತದೆ, ಹೊರಗೆ ಎಳೆದು ಬಿಚ್ಚಿದರೆ ಸಿಪ್ಪೆ ಬಿರಿಯುತ್ತದೆ. ಒಳಗೇ ಬಿಚ್ಚಿ. ಮೂರನೆಯದು ಅರ್ಥಿಂಗ್. ಅಲ್ಲಿನ ನೆಲ ಒಣ ಕಲ್ಲು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದು. ಸರಳು ಹೊಡೆದರೂ ಅರ್ಥ್ ಸರಿಯಾಗಿ ಸಿಗದೆ ಸ್ಪೀಕರ್ ಗುಂಯ್ ಎನ್ನುತ್ತದೆ, ಮೈಕ್ ತುಟಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ಪಲ್ಟನ್‌ನ ಎಲೆಕ್ಟ್ರಿಷಿಯನ್ ಅವರನ್ನು ಹಿಂದಿನ ದಿನವೇ ಕರೆದು ಟೆಸ್ಟರ್ ಹಿಡಿದು ನೋಡಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ನಾಲ್ಕನೆಯದು ಜನರೇಟರ್. ಟರ್ಬೊ ಇಲ್ಲದ ಡೀಸೆಲ್ ಎಂಜಿನ್ ಆ ಎತ್ತರದಲ್ಲಿ ಮೂರನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. 5 ಕೆವಿಎ ಎಂದು ಬರೆದಿದ್ದರೆ 3.3 ಎಂದು ಲೆಕ್ಕ ಹಾಕಿ. ಹ್ಯಾಲೊಜನ್ ದೀಪಗಳನ್ನು ಊರಲ್ಲೇ ಬಿಟ್ಟು ಎಲ್‌ಇಡಿ ಮಾತ್ರ ಒಯ್ಯಿರಿ. ಸಾಮಾನ್ಯ ಡೀಸೆಲ್ ತೀವ್ರ ಚಳಿಗೆ ಗಟ್ಟಿಯಾಗುತ್ತಿತ್ತು. ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ತಂದಿತು, ಆ ತಾಪತ್ರಯ ಈಗ ಕಡಿಮೆ. ಬ್ಯಾಟರಿ ಮಾತ್ರ ಇಂದಿಗೂ ಕೈಕೊಡುತ್ತದೆ. ಮೈನಸ್ 18ರ ಹತ್ತಿರ ಸೀಸದ ಬ್ಯಾಟರಿಯ ಶಕ್ತಿ ಅರ್ಧಕ್ಕೆ ಬರುತ್ತದೆ. ರಾತ್ರಿ ಒಳಗೆ ತಂದಿಡಿ.

ಮೊಬೈಲ್ ಬಗ್ಗೆಯೂ ಒಂದು ಮಾತು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಕರೋಕೆ, ಸಾಹಿತ್ಯ ಎಲ್ಲ ಇಂಟರ್ನೆಟ್‌ನಲ್ಲಿದೆ ಎಂದು ನಂಬಿ ಹೋಗಬೇಡಿ, ಕಾಗದದಲ್ಲಿ ಬರೆದುಕೊಂಡು ಹೋಗಿ.

ಸುಬೇದಾರ್_ಹಾಸನ:
ಮುಚ್ಚಿದ ಸಭಾಂಗಣ ಎಂದಿರಲ್ಲ, ಒಂದು ಎಚ್ಚರಿಕೆ. ಸೀಮೆಎಣ್ಣೆಯ ಬುಖಾರಿ ಉರಿಯುವಾಗ ಕಿಟಕಿ, ಬಾಗಿಲ ಸಂದು ಎಲ್ಲ ಕಂಬಳಿ ಹಾಕಿ ಮುಚ್ಚುವುದು ಜನರ ಸಹಜ ಬುದ್ಧಿ. ಹೊಗೆ ಕೊಳವೆ ಕಟ್ಟಿಕೊಂಡಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ತಲೆನೋವನ್ನು ಎತ್ತರದ ತಲೆನೋವೆಂದೇ ತಿಳಿಯುತ್ತಾರೆ. ಎದುರುಬದುರಿನ ಎರಡು ಕಿಂಡಿ ತೆರೆದೇ ಇರಬೇಕು. ಜನ ಬರುವ ಮೊದಲು ಒಂದು ಗಂಟೆ ಉರಿಸಿ ಕೋಣೆ ಕಾಯಿಸಿ, ಕಾರ್ಯಕ್ರಮದ ಹೊತ್ತಿಗೆ ಆರಿಸಿಬಿಟ್ಟರೂ ನಡೆಯುತ್ತದೆ. 220 ಮೈಯ ಬಿಸಿಯೇ ಸಾಕು. ನಿಮ್ಮ ವಸತಿಯಲ್ಲಿ ರಾತ್ರಿ ಮಲಗುವಾಗಲೂ ಬುಖಾರಿ ಆರಿಸಿಯೇ ಮಲಗಿ.

ಲಂಗರ್_ಕಮಾಂಡರ್:
ಬಡಾಖಾನದ ಲೆಕ್ಕ ನಾನು ಬರೆಯುತ್ತೇನೆ. ಕಲಾತಂಡಕ್ಕೂ ಇದು ಬೇಕು, ಏಕೆಂದರೆ ಊಟ ತಡವಾದರೆ ನಿಮ್ಮ ಕಾರ್ಯಕ್ರಮವೂ ತಡ.

ಬಡಾಖಾನ ಅಂದರೆ ಅಧಿಕಾರಿ, ಜೆಸಿಒ, ಜವಾನ ಎಲ್ಲರೂ ಒಂದೇ ಅಡುಗೆ, ಒಂದೇ ಜಾಗದಲ್ಲಿ ಉಣ್ಣುವುದು. 220 ಜನಕ್ಕೆ ಮೂಳೆ ಸಹಿತ ಮಾಂಸ ತಲಾ 200 ಗ್ರಾಂ, ಅಂದರೆ 44 ಕಿಲೋ. ಪೂರಿಯೂ ಇರುವುದರಿಂದ ಅಕ್ಕಿ ತಲಾ 100 ಗ್ರಾಂ, 22 ಕಿಲೋ. ಪೂರಿಗೆ ಹಿಟ್ಟು ಇನ್ನೊಂದು 22 ಕಿಲೋ. ಸಸ್ಯಾಹಾರಿಗಳು 60 ಜನ ಇದ್ದರೆ ಮಾಂಸ 32 ಕಿಲೋ ಸಾಕು, ಪನೀರ್ 6 ಕಿಲೋ, ಅದರ ಪಾತ್ರೆ, ಸೌಟು, ಬಡಿಸುವ ಸಾಲು ಎಲ್ಲ ಬೇರೆ. ದಿನ ಮಂಗಳವಾರ ಬಿದ್ದರೆ ಹಲವು ಪಲ್ಟನ್‌ಗಳಲ್ಲಿ ಮಾಂಸ ಮಾಡುವುದಿಲ್ಲ, ಮೊದಲೇ ನೋಡಿಕೊಳ್ಳಬೇಕು. ದಕ್ಷಿಣದ ಹುಡುಗರಿಗೆ ಸಾಂಬಾರು, ರಸಂ, ಹಪ್ಪಳ ಇರಲೇಬೇಕು. ಹುಣಸೆಹಣ್ಣು, ಕರಿಬೇವು, ಬ್ಯಾಡಗಿ ಮೆಣಸು ನೀವು ಬರುವಾಗ ತಂದುಕೊಟ್ಟರೆ ಲಂಗರ್‌ನವರು (ಅಡುಗೆಮನೆಯವರು) ನಿಮ್ಮನ್ನು ಮರೆಯುವುದಿಲ್ಲ. ಕರಿಬೇವು ನೆರಳಲ್ಲಿ ಒಣಗಿಸಿ ತನ್ನಿ.

ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳುಕಾಳೇ. ಪ್ರೆಶರ್ ಕುಕ್ಕರ್‌ನಲ್ಲೂ ಒಳಗಿನ ಬಿಸಿ ಊರಿನ 121ರ ಬದಲು 115ರ ಹತ್ತಿರ ನಿಲ್ಲುತ್ತದೆ. ಮಾಂಸಕ್ಕೆ, ರಾಜ್ಮಾಕ್ಕೆ ಊರಿನ ಲೆಕ್ಕದ ಒಂದೂವರೆ ಪಟ್ಟು ಹೊತ್ತು ಇಟ್ಟುಕೊಳ್ಳಿ. ರಾಜ್ಮಾ ಹಿಂದಿನ ರಾತ್ರಿ ನೆನೆಹಾಕುವ ಪಾತ್ರೆ ಒಲೆಮನೆಯೊಳಗೇ ಇರಬೇಕು, ಹೊರಗಿಟ್ಟರೆ ಬೆಳಿಗ್ಗೆ ಮಂಜುಗಡ್ಡೆಯೊಳಗೆ ರಾಜ್ಮಾ ಸಿಗುತ್ತದೆ. 12:30ಕ್ಕೆ ಪಂಕ್ತಿ ಕೂರಬೇಕಾದರೆ ಮಾಂಸ 8:30ಕ್ಕೆ ಒಲೆಗೆ ಏರಬೇಕು.

ಸ್ಟೀಲ್ ತಟ್ಟೆಗೆ ಬಡಿಸಿದ ಅನ್ನ ಮೂರು ನಿಮಿಷದಲ್ಲಿ ತಣ್ಣಗಾಗುತ್ತದೆ. ತಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ ಕೊಡಬೇಕು. ಪೂರಿ ಮೊದಲೇ ಕರಿದು ರಾಶಿ ಹಾಕಿದರೆ ತೊಗಲು. 40 ಜನರ ಪಂಕ್ತಿ ಕೂತ ಮೇಲೆ ಅವರ ಪೂರಿ ಬಾಣಲೆಗೆ ಬೀಳಬೇಕು.

ಇನ್ನು ಮುಖ್ಯವಾದದ್ದು. ಕಾವಲಿನಲ್ಲಿ, ವೈರ್‌ಲೆಸ್ ಕೋಣೆಯಲ್ಲಿ, ಜನರೇಟರ್ ಹತ್ತಿರ, ಆಸ್ಪತ್ರೆಯಲ್ಲಿ ಇರುವವರ ಪಾಲನ್ನು ಮೊದಲು ತೆಗೆದಿಡಬೇಕು, ಉಳಿದದ್ದನ್ನಲ್ಲ. ಮೊದಲ ಬೆಂದ ಮಾಂಸ, ಮೊದಲ ಸಿಹಿ ಹಾಟ್‌ಕೇಸ್‌ಗೆ ತುಂಬಿ, ಯಾವ ಪೋಸ್ಟ್‌ಗೆ ಎಷ್ಟು ಜನ ಎಂದು ಸೀಮೆಸುಣ್ಣದಲ್ಲಿ ಬರೆದು ಕಳಿಸಿ, ತಲುಪಿದ ಸುದ್ದಿ ಬಂದ ಮೇಲೆ ಇಲ್ಲಿ ಪಂಕ್ತಿ ಶುರು. ಹಬ್ಬದ ದಿನ ಕಾವಲು ನಿಂತವನಿಗೆ ತಣ್ಣನೆಯ ಊಟ ಹೋಯಿತೆಂದರೆ ಆ ಬಡಾಖಾನ ಕೆಟ್ಟಿತು, ಇಲ್ಲಿ ಎಷ್ಟೇ ರುಚಿಯಾಗಿರಲಿ.

ಬೆಳಗಾವಿ_ಹವಾಲ್ದಾರ:
ಲಂಗರ್ ಸಾಹೇಬ್ರ ಕೊನೀ ಮಾತು ಬಂಗಾರದ್ದು. ಮನರಂಜನಿಗೂ ಅದ ಲೆಕ್ಕ ಹಚ್ರಿ. ಒಂದ ಪ್ರದರ್ಶನ ಮಾಡಿದ್ರ 30-40 ಹುಡುಗರಿಗೆ ಸಿಗೂದಿಲ್ಲ, ಅವರು ಆ ಹೊತ್ತಿನ್ಯಾಗ ಕಾವಲಿಗೆ ಇರ್ತಾರ. ಎರಡು ಪ್ರದರ್ಶನ ಕೇಳಿಕೊಳ್ರಿ. 2 ಗಂಟೆಗೆ ದೊಡ್ಡದು, ಕಾವಲು ಬದಲಾದ ಮ್ಯಾಲ ಸಂಜಿಗೆ ಇನ್ನೊಂದು.

ಮಂಗಳೂರು_ಓದುಗ:
ಗಣ್ಯರ ಭೇಟಿ ಎಂದರೆ ಬರೀ ತೊಂದರೆ ಎಂಬ ಭಾವನೆ ಬರಬಾರದೆಂದು ಇಷ್ಟು ಬರೆಯುತ್ತಿದ್ದೇನೆ. ಒಳ್ಳೆಯ ಭೇಟಿಯಿಂದ ಜವಾನನ ಕೈಗೆ ಏನಾದರೂ ತಲುಪುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರಾಗಿದ್ದಾಗ ಸಿಯಾಚಿನ್‌ಗೆ ಮತ್ತೆ ಮತ್ತೆ ಹೋದರು. ಅಲ್ಲಿಗೆ ಬೇಕಿದ್ದ ಹಿಮವಾಹನಗಳ ಖರೀದಿ ಕಡತದಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿದು, ತಡಮಾಡಿದ ಸಚಿವಾಲಯದ ಅಧಿಕಾರಿಗಳನ್ನೇ ಸಿಯಾಚಿನ್‌ಗೆ ಕಳಿಸಿದರು. 2004ರ ಏಪ್ರಿಲ್‌ನಲ್ಲಿ ಅಬ್ದುಲ್ ಕಲಾಂ ಸಿಯಾಚಿನ್ ನೆಲೆಗೆ ಹೋದ ಮೊದಲ ರಾಷ್ಟ್ರಪತಿಯಾದರು, 2005ರ ಜೂನ್‌ನಲ್ಲಿ ಮನಮೋಹನ್ ಸಿಂಗ್ ಅಲ್ಲಿಗೆ ಹೋದ ಮೊದಲ ಪ್ರಧಾನಿ. 2014ರ ದೀಪಾವಳಿಯಂದು ನರೇಂದ್ರ ಮೋದಿ, 2018ರ ಮೇನಲ್ಲಿ ರಾಮನಾಥ ಕೋವಿಂದ್, 2024ರ ಸೆಪ್ಟೆಂಬರ್‌ನಲ್ಲಿ ದ್ರೌಪದಿ ಮುರ್ಮು ಹೋದರು. ಬಂದವರಿಗೆ ಅಲ್ಲಿನ ಕೊರತೆ ಕಣ್ಣಿಗೆ ಬೀಳುವಂತೆ ಮಾಡುವುದು ಭೇಟಿಯ ನಿಜವಾದ ಉಪಯೋಗ. ಸೋರುವ ಛಾವಣಿಯ ಮುಂದೆ ಪರದೆ ಕಟ್ಟಿದರೆ ಆ ಉಪಯೋಗ ಹೋಯಿತು.

ಬೆಳಗಾವಿ_ಹವಾಲ್ದಾರ:
ಪರದೆ ಅಂದ್ರಿ, ಗೇರು-ಚುನಾ ನೆನಪಾತು. ಗಣ್ಯರು ಬರ್ತಾರ ಅಂದ್ರ ದಾರಿ ಅಂಚಿನ ಕಲ್ಲಿಗೆಲ್ಲಾ ಕೆಮ್ಮಣ್ಣು, ಸುಣ್ಣ ಬಳಸ್ತಾರ. ಮುಂಚೂಣಿ ಜಾಗದಾಗ ಇದನ್ನ ಬಂದ್ ಮಾಡಬೇಕ್ರಿ. ತೆಳು ಗಾಳ್ಯಾಗ ಬಕೆಟ್ ಹೊತ್ತು ಹುಡುಗರ ಎರಡು ದಿನದ ವಿಶ್ರಾಂತಿ ಹೋಗ್ತದ. ಬಿಳೀ ಕಲ್ಲಿನ ಸಾಲು ಮ್ಯಾಲಿಂದ ನೋಡಾವರಿಗೆ ಬಾಣದ ಗುರುತು ಹಾಕಿಕೊಟ್ಟಂಗ.

ಸುಬೇದಾರ್_ಹಾಸನ:
ಹವಾಲ್ದಾರ್, ಮುಂಚೂಣಿಯ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಹಿಂದಿನ ನೆಲೆಯಲ್ಲಿ ಸ್ವಲ್ಪ ಸ್ವಚ್ಛತೆ, ಒಪ್ಪ ಓರಣ ಬೇಕು. ಕಸ ಬಿದ್ದ ಜಾಗದಲ್ಲಿ ಅತಿಥಿಯನ್ನು ಕೂರಿಸುವುದು ಪಲ್ಟನ್‌ಗೆ ಒಪ್ಪುವುದಿಲ್ಲ. ಆ ಕೆಲಸ ವಾರದ ಮೊದಲೇ ದಿನಕ್ಕೆ ಅರ್ಧ ಗಂಟೆಯಂತೆ ಮುಗಿಯಬೇಕು, ಹಿಂದಿನ ರಾತ್ರಿ ಅಲ್ಲ. ಹಿಂದಿನ ರಾತ್ರಿ ಹುಡುಗರು ನಿದ್ದೆ ಮಾಡಬೇಕು.

ಡೊಳ್ಳು_ಸಾಗರ:
ಇಷ್ಟು ತಿಳಿದಿರಲೇ ಇಲ್ಲ. ಕಾರ್ಯಕ್ರಮದಲ್ಲಿ ಏನಿರಬೇಕು ಎಂದೂ ಹೇಳಿ. ದೇಶಭಕ್ತಿ ಗೀತೆ ಎಷ್ಟು, ಜಾನಪದ ಎಷ್ಟು? ಹುತಾತ್ಮರ ಬಗ್ಗೆ ಒಂದು ಹಾಡು ಕಟ್ಟಿದ್ದೇವೆ.

ಸುಬೇದಾರ್_ಹಾಸನ:
ಆ ಹಾಡನ್ನು ಆ ವೇದಿಕೆಯಲ್ಲಿ ಹಾಡಬೇಡಿ, ದಯವಿಟ್ಟು. ಕಾರಣ ಹೇಳುತ್ತೇನೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್‌ನಲ್ಲಿ ಹಿಮ ಕುಸಿದು 19 ಮದ್ರಾಸ್ ಪಲ್ಟನ್‌ನ 10 ಜನ ಸಿಲುಕಿದರು. ಅವರಲ್ಲಿ ಮೂವರು ನಮ್ಮವರು: ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ. ಹನುಮಂತಪ್ಪ ಆರು ದಿನದ ಮೇಲೆ ಹಿಮದಡಿಯಿಂದ ಜೀವಂತ ಸಿಕ್ಕು, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಊರಲ್ಲಿ ನಮಗೆ ಇದು ಸ್ಮರಣೆ. ಅಲ್ಲಿ ಕೂತವನಿಗೆ ಅದು ನಾಳೆ ತಾನು ಹತ್ತಬೇಕಾದ ದಾರಿ. ಸ್ಮಾರಕದ ಮುಂದೆ ಬೆಳಿಗ್ಗೆ ಮೌನವಾಗಿ ನಮಸ್ಕರಿಸುತ್ತಾನೆ, ಅದು ಅವನ ರೀತಿ. ಮಧ್ಯಾಹ್ನ ನಿರೂಪಕರು ಆ ಹೆಸರು ಹೇಳಿ ಚಪ್ಪಾಳೆ ಕೇಳಿದರೆ ಸಭೆ ಕುಗ್ಗುತ್ತದೆ. ದೇಶಭಕ್ತಿ ಗೀತೆ ಒಂದು, ಅದೂ ಕೊನೆಗೆ, ಎಲ್ಲರೂ ಸೇರಿ ಹಾಡುವಂಥದ್ದು. ಉಳಿದದ್ದೆಲ್ಲ ಊರಿನ ನೆನಪು, ನಗು, ತಾಳ.

ಕೊಳಲು_ಧಾರವಾಡ:
ಒಂದು ಕ್ರಮ ಸೂಚಿಸುತ್ತೇನೆ. ಒಟ್ಟು 75 ನಿಮಿಷ, ಅದಕ್ಕಿಂತ ಉದ್ದ ಬೇಡ. ಡೊಳ್ಳಿನಿಂದ ಶುರು, ಅದಕ್ಕೆ ಭಾಷೆ ಬೇಕಿಲ್ಲ. ಮದ್ರಾಸ್ ರೆಜಿಮೆಂಟ್, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅಂಥ ಕಡೆ ತಮಿಳು, ತೆಲುಗು, ಮಲಯಾಳ, ಕನ್ನಡ ನಾಲ್ಕೂ ಇರುತ್ತವೆ. ನಾಲ್ಕರಲ್ಲೂ ಕನಿಷ್ಠ ಎರಡೆರಡು ಜನಪದ ಗೀತೆ ಕಲಿತು ಹೋಗಿ. ಉಚ್ಚಾರ ತಪ್ಪಿದರೂ ಅವರೇ ಎದ್ದು ಜೊತೆಗೂಡುತ್ತಾರೆ.

ನಡುವೆ 20 ನಿಮಿಷ ಜವಾನರಿಗೇ ಬಿಡಿ. ಪ್ರತಿ ಪಲ್ಟನ್‌ನಲ್ಲೂ ಹಾಡುವವರು, ಮಿಮಿಕ್ರಿ ಮಾಡುವವರು ಇದ್ದೇ ಇರುತ್ತಾರೆ. ಹೆಸರುಗಳನ್ನು ಹಿಂದಿನ ದಿನ ಕಂಪನಿ ಹವಾಲ್ದಾರ್ ಮೇಜರ್ ಹತ್ತಿರ ಪಡೆದು, ಶ್ರುತಿ ಕೇಳಿ, ಹತ್ತು ನಿಮಿಷ ಜೊತೆಗೆ ಅಭ್ಯಾಸ ಮಾಡಿ. ತನ್ನ ಗೆಳೆಯ ವೇದಿಕೆ ಏರಿದಾಗ ಸಿಗುವ ಚಪ್ಪಾಳೆ ನಮಗೆ ಯಾರಿಗೂ ಸಿಗುವುದಿಲ್ಲ.

ಇನ್ನೊಂದು, ಮೆಚ್ಚಿನ ಹಾಡಿನ ಚೀಟಿ. ವಿವಿಧ ಭಾರತಿ 1957ರ ಅಕ್ಟೋಬರ್ 3ರಂದು ಶುರುವಾಯಿತು; ಅದರ ‘ಜಯಮಾಲಾ’ದಲ್ಲಿ ಫೌಜಿಗಳ ಹೆಸರು ಹೇಳಿ ಅವರು ಕೇಳಿದ ಹಾಡು ಹಾಕುವ ಪದ್ಧತಿ ತಲೆಮಾರುಗಳಿಂದ ಜವಾನರಿಗೆ ಪ್ರಿಯ. ಹಾಡಿಗಿಂತ ತನ್ನ ಹೆಸರು ಕೇಳುವುದೇ ಅಲ್ಲಿ ದೊಡ್ಡದು. ಎರಡು ದಿನ ಮೊದಲು ಲಂಗರ್ ಬಾಗಿಲಲ್ಲಿ ಡಬ್ಬಿ ಇಡಿಸಿ. ಹೆಸರು, ಊರು, ಹಾಡು. ಬಂದ ಚೀಟಿಯ ಎಲ್ಲ ಹೆಸರನ್ನೂ ಓದಿ, ಹಾಡಲಾಗದಿದ್ದರೆ ಪಲ್ಲವಿಯನ್ನಾದರೂ ಹಾಡಿ.

ಹಾಸ್ಯದಲ್ಲಿ ಜಾತಿ, ಧರ್ಮ, ಹೆಂಡತಿಯ ಗೇಲಿ ಬೇಡ. ಮನೆ ಬಿಟ್ಟು ತಿಂಗಳುಗಟ್ಟಲೆ ಇರುವವರ ಮುಂದೆ ಹೆಂಡತಿಯ ನಡತೆಯ ಮೇಲೆ ಜೋಕು ಮಾಡುವುದು ಬಹಳ ನೋಯಿಸುತ್ತದೆ.

ಸುಬೇದಾರ್_ಹಾಸನ:
ಹೆಣ್ಣುಮಕ್ಕಳ ವ್ಯವಸ್ಥೆಯನ್ನು ಪತ್ರದಲ್ಲೇ ಬರೆದು ಕೇಳಿ: ಬೀಗ ಹಾಕಬಹುದಾದ, ಬಿಸಿ ಮಾಡಿದ ಕೋಣೆ, ಪ್ರತ್ಯೇಕ ಶೌಚಾಲಯ, ಅಲ್ಲಿಗೆ ಬಿಸಿನೀರು. ಪೈಪಿನ ನೀರು ರಾತ್ರಿ ಹೆಪ್ಪುಗಟ್ಟುತ್ತದೆ, ಡ್ರಮ್‌ನಲ್ಲಿ ತುಂಬಿಸಿಡಬೇಕು. ಕುಣಿತದ ಉಡುಪಿನ ಕೆಳಗೆ ಮೈಗಂಟುವ ಉಣ್ಣೆಯ ಒಳಅಂಗಿ ಇರಲಿ, ಬರಿಗಾಲಲ್ಲಿ ಕುಣಿಯಬೇಡಿ. ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ಒಯ್ದರೆ ಕಲ್ಲಾಗಿರುತ್ತದೆ, ಸೂರ್ಯಕಾಂತಿ ಎಣ್ಣೆ ಒಯ್ಯಿರಿ.

ಗುರುತಿನ ದಾಖಲೆಗಳ ಪ್ರತಿ, ವಾದ್ಯ ಮತ್ತು ಉಪಕರಣಗಳ ಪಟ್ಟಿ ಸಾಕಷ್ಟು ಮೊದಲೇ ಕಳಿಸಿ. ಕೊನೆಯಲ್ಲಿ ಒಬ್ಬರ ಬದಲು ಇನ್ನೊಬ್ಬರು ಬಂದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ, ಅದು ಅವರ ಕರ್ತವ್ಯ. ಫೋನು ಕೇಳಿದ ಕಡೆ ಒಪ್ಪಿಸಿ. ಫೋಟೊ ಪಲ್ಟನ್‌ನವರೇ ತೆಗೆದು, ನೋಡಿ ಕೊಡುತ್ತಾರೆ. ಹಿಂದಿನ ಬೆಟ್ಟದ ಆಕಾರ, ವಾಹನದ ಸಂಖ್ಯೆ, ಬೋರ್ಡು ಎಲ್ಲವೂ ಸುಳಿವು. 2020ರಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಜವಾನರ ಫೋನಿನಿಂದ ತೆಗೆಸಿತು. ಅವರು ಅಷ್ಟು ಬಿಟ್ಟಿರುವಾಗ ನಾವು ಒಂದು ಸೆಲ್ಫಿ ಬಿಡಬಹುದು. ಯಾವ ಜಾಗ, ಯಾವ ಪಲ್ಟನ್ ಎಂದು ಇಲ್ಲಿಯೂ ಬರೆಯಬೇಡಿ. ನೀವು ಇಲ್ಲಿಯವರೆಗೆ ಬರೆಯದಿದ್ದದ್ದು ಒಳ್ಳೆಯದಾಯಿತು.

ಲಂಗರ್_ಕಮಾಂಡರ್:
ಊರಿಂದ ತಿಂಡಿ ತರುವವರಿಗೆ: ಗಾಳಿ ತುಂಬಿದ ಚಿಪ್ಸ್, ಚಕ್ಕುಲಿ ಪೊಟ್ಟಣ ಮೇಲೇರಿದಂತೆ ಬಲೂನಿನ ಹಾಗೆ ಉಬ್ಬಿ ಒಡೆಯುತ್ತವೆ. ಡಬ್ಬಿಯಲ್ಲಿ ತುಂಬಿ ತನ್ನಿ. ತುಪ್ಪದ ಮೈಸೂರು ಪಾಕ್ ಕಲ್ಲಾಗುತ್ತದೆ, ಬುಖಾರಿ ಹತ್ತಿರ ಹತ್ತು ನಿಮಿಷ ಇಟ್ಟು ಕೊಡಬೇಕು. ಧಾರವಾಡ ಪೇಡೆ, ಶೇಂಗಾ ಚಿಕ್ಕಿ ಚೆನ್ನಾಗಿ ಉಳಿಯುತ್ತವೆ. ಹಳೆಯ ಕನ್ನಡ ವಾರಪತ್ರಿಕೆ, ದೀಪಾವಳಿ ವಿಶೇಷಾಂಕ ಒಂದು ಕಟ್ಟು ತಂದರೆ ಮುಂದಿನ ಪೋಸ್ಟ್‌ಗಳಿಗೆ ಹೋಗುವ ರೇಷನ್ ಜೊತೆ ಕಳಿಸುತ್ತಾರೆ. ಶಾಲು, ಹಾರ, ಗಾಜಿನ ಸ್ಮರಣಿಕೆ ಬೇಡ. ಭಾರ, ಇಡಲು ಜಾಗವೂ ಇಲ್ಲ.

ಡೊಳ್ಳು_ಸಾಗರ:
ಎಲ್ಲ ಬರೆದುಕೊಂಡೆವು. ಕೊನೆಯ ಪ್ರಶ್ನೆ. ಎರಡನೇ ಪ್ರದರ್ಶನಕ್ಕೆ 35 ಜನ ಇರುತ್ತಾರೆ ಎಂದು ಎಲ್‌ಒ ಹೇಳಿದ್ದಾರೆ. ಅಷ್ಟೇ ಜನಕ್ಕೆ ಪೂರ್ತಿ ವೇಷ, ಧ್ವನಿವ್ಯವಸ್ಥೆ ಬೇಕೇ, ಕೂತು ನಾಲ್ಕು ಹಾಡು ಹಾಡಿದರೆ ಸಾಕೇ?

ಬೆಳಗಾವಿ_ಹವಾಲ್ದಾರ:
ಸ್ಪೀಕರ್ ಬ್ಯಾಡ, ಸಣ್ಣ ಕ್ವಾಣಿ ಸಾಕು. ವೇಷ ಪೂರ್ತಿ ಬೇಕು, ಡೊಳ್ಳು ಐದೂ ಬೇಕು. ಮಧ್ಯಾಹ್ನ ಕೂತವರು ನೋಡಿದ್ದನ್ನ ಇವರೂ ನೋಡಬೇಕಲ್ರಿ. ಅವರ ಹೆಸರಿನ ಚೀಟಿ ಬ್ಯಾರೇ ತಗದಿಡ್ರಿ, ಮಧ್ಯಾಹ್ನ ಓದಿಬಿಡಬ್ಯಾಡ್ರಿ.

ಸುಬೇದಾರ್_ಹಾಸನ:
ಕುಣಿಯುವವರಿಗೆ ನಡುವೆ ಕನಿಷ್ಠ ಮೂರು ಗಂಟೆ ವಿಶ್ರಾಂತಿ ಸಿಗಬೇಕು, ಡಾಕ್ಟರನ್ನು ಕೇಳಿಯೇ ಒಪ್ಪಿಕೊಳ್ಳಿ. ಕಾವಲು 6ಕ್ಕೆ ಬದಲಾಗುತ್ತದೆ ಎಂದಿಟ್ಟುಕೊಳ್ಳಿ. ಇಳಿದು ಬಂದವರು ಶಸ್ತ್ರ ಒಪ್ಪಿಸಿ, ಬೂಟು ಬಿಚ್ಚಿ, ಕಾಲು ಬೆಚ್ಚಗೆ ಮಾಡಿಕೊಂಡು ಚಹಾ ಕುಡಿಯಲು ಮುಕ್ಕಾಲು ಗಂಟೆ ಬೇಕು. 7ಕ್ಕೆ ಶುರು ಮಾಡಿ, 45 ನಿಮಿಷಕ್ಕೆ ಮುಗಿಸಿ. ಅವರಲ್ಲಿ ಕೆಲವರು ರಾತ್ರಿ 12ಕ್ಕೆ ಮತ್ತೆ ಕಾವಲಿಗೆ ಏಳಬೇಕು.